ಪಾಲಿಗೆ ಬಂದ ಕೋವಿ

ಹಳೆಯ ಮನೆತನವೊಂದು ಪಾಲಾಗುವಾಗ ಎಲ್ಲ ವಸ್ತುಗಳೂ ಒಂದೇ ರೀತಿಯಲ್ಲಿ ಪಾಲಾಗುವುದಿಲ್ಲ. ಗದ್ದೆತೋಟಗಳಿಗೆ ಸರ್ವೆ ನಂಬರೂ ಗುಂಟೆಯ ಲೆಕ್ಕವೂ ಇವೆ, ಚಿನ್ನಕ್ಕೆ ತಕ್ಕಡಿಯಿದೆ, ಹಿತ್ತಾಳೆಯ ಹಂಡೆ, ತಾಮ್ರದ ಕೊಪ್ಪರಿಗೆಗಳನ್ನು ಮನೆಯ ಹೆಂಗಸರು ತಮ್ಮತಮ್ಮಲ್ಲಿಯೇ ಮಾತನಾಡಿಕೊಂಡು ಹಂಚಿಕೊಳ್ಳುತ್ತಾರೆ. ಕಟ್ಟಕಡೆಗೆ ಉಳಿಯುವುದು ಒಳಕೋಣೆಯ ಗೋಡೆಗೆ ಆತುಕೊಂಡು ನಿಂತಿರುವ ಜೋಡು ನಳಿಗೆಯ ಕೋವಿ. ನಳಿಗೆ ಎರಡಿವೆಯೆಂದು ಅಣ್ಣನಿಗೊಂದು, ತಮ್ಮನಿಗೊಂದು ಕೊಡುವಂತಿಲ್ಲ. ಅದರ ಬೆಲೆಯೆಷ್ಟೆಂದು ಹೇಳಬಲ್ಲವರು ಊರಿನಲ್ಲಿ ಯಾರೂ ಇರುವುದಿಲ್ಲ. ಒಬ್ಬರು ಅದು ಲಕ್ಷಗಟ್ಟಲೆ ಬಾಳುವ ವಿಲಾಯಿತಿ ಮಾಲೆನ್ನುತ್ತಾರೆ. ಇನ್ನೊಬ್ಬರು ಗುಜರಿಯ ಕಬ್ಬಿಣವೆನ್ನುತ್ತಾರೆ. ಇಬ್ಬರ ಮಾತಿಗೂ ಆಧಾರವಿಲ್ಲ. ಮಲೆನಾಡು ಮತ್ತು ಕೊಡಗಿನ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಇಂದು ಎದ್ದಿದೆ; ಕೋವಿಯನ್ನು ಹಿಡಿದು ಬಲ್ಲ ತಲೆಮಾರು ಕಣ್ಮರೆಯಾಗುತ್ತಿದೆ, ಮಕ್ಕಳು ಬೆಂಗಳೂರನ್ನೂ ಅದರಾಚೆಯ ದೇಶಗಳನ್ನೂ ಸೇರಿದ್ದಾರೆ.

ಇಂಥ ಸಂದರ್ಭದಲ್ಲಿ ಜನರು ಸಾಮಾನ್ಯವಾಗಿ ಮೊದಲು ಕೇಳುವುದು “ಇದರ ಬೆಲೆಯೆಷ್ಟು?” ಎಂದು. ಕೇಳಬೇಕಾದ ಮೊದಲ ಪ್ರಶ್ನೆ “ಇದು ಯಾವುದು?” ಎಂಬುದು. ಕವಿಯ ಕಾಲವನ್ನೇ ಗೊತ್ತುಮಾಡದೆ ಕಾವ್ಯದ ಮೌಲ್ಯವನ್ನು ಕಟ್ಟಲು ಹೊರಟವರ ಪಾಡನ್ನು ನಮ್ಮ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಕೋವಿಯ ವಿಚಾರದಲ್ಲಿಯೂ ಕ್ರಮ ಅದೇ.

ಮೊದಲು ಮಾತುಗಳನ್ನೇ ನೋಡೋಣ. ಭಾಷೆಯನ್ನು ಕಲಿಸುವವನಿಗೆ ಈ ಚಪಲ ತಪ್ಪದು; ಓದುಗರು ಮನ್ನಿಸಬೇಕು. ಕೋವಿಯೆಂದರೆ ಮೂಲದಲ್ಲಿ ಕೊಳವೆ. ಆಯುಧದ ಅರ್ಥ ಆಮೇಲೆ ಬಂದುದು. ಬಂದೂಕು ಅರಬ್ಬಿ ಪಾರಸಿಗಳ ದಾರಿಯಿಂದ ಬಂದಿತು. ಅಲ್ಲಿ ಅದಕ್ಕೆ ಒಂದು ಬಗೆಯ ಗಟ್ಟಿಕಾಯಿ ಎಂದು ಅರ್ಥವಿದ್ದು, ಬಳಿಕ ಅಂಥ ಕಾಯಿಯ ಗಾತ್ರದ ಗುಂಡಿಗೂ, ಗುಂಡಿನಿಂದ ಅದನ್ನು ಹಾರಿಸುವ ಸಾಧನಕ್ಕೂ ಹೆಸರು ಸಂದಿತು. ತುಪಾಕಿಯ ತವರು ತುರ್ಕಿ. ಕೊಡವರ ನುಡಿಯಲ್ಲಿ ಅದು ಮತ್ತಷ್ಟು ಮೊಟಕಾಗಿ ‘ತೋಕ್’ ಆಗಿದೆ. ಹೀಗೆ ಹೆಸರುಗಳಲ್ಲಿ ಕೆಲವು ಹೊರಗಿನಿಂದ ಬಂದರೂ ಹಾರಿಸುವ ಕ್ರಿಯೆಗೆ ಮಾತ್ರ ‘ಈಡು’ ಎಂಬ ಅಚ್ಚಗನ್ನಡದ ಮಾತೇ ನಿಂತಿತು. ಕುವೆಂಪು ಅವರ ಮಲೆನಾಡಿನ ಕಾದಂಬರಿಗಳನ್ನೂ ತೇಜಸ್ವಿಯವರ ಬರಹಗಳನ್ನೂ ಓದಿದವರಿಗೆ ಇದು ಹೊಸದಲ್ಲ.

ಮಲೆನಾಡಿನ ಮುದುಕರು ಕೋವಿಗಳನ್ನು ಎರಡೇ ಜಾತಿಯಾಗಿ ವಿಂಗಡಿಸುತ್ತಾರೆ: ಕೇಪಿನ ಕೋವಿ ಮತ್ತು ತೋಟಾ ಕೋವಿ. ಈ ವಿಂಗಡಣೆಯಲ್ಲಿ ಯೂರೋಪಿನ ಒಂದು ಶತಮಾನದ ಯಂತ್ರಚರಿತ್ರೆಯೇ ಅಡಗಿದೆಯೆಂದರೆ ಅತಿಶಯೋಕ್ತಿಯಲ್ಲ. ಹಿಂದೆ ಕೋವಿಗಳು ಚಕಮಕಿಕಲ್ಲಿನ ಕಿಡಿಯಿಂದ ಹೊತ್ತಿಕೊಳ್ಳುತ್ತಿದ್ದುವು. ಸ್ಕಾಟ್ಲೆಂಡಿನ ಅಲೆಗ್ಜಾಂಡರ್ ಜಾನ್ ಫಾರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಹೊಡೆಯುವ ಹವ್ಯಾಸವಿದ್ದಿತು. ಕಲ್ಲಿನ ಕಿಡಿಯನ್ನು ಕಂಡೊಡನೆಯೆ, ಗುಂಡು ತಲುಪುವ ಮುನ್ನವೇ, ನೀರುಹಕ್ಕಿಗಳು ಎದ್ದು ಹಾರುತ್ತಿದ್ದುದು ಆತನಿಗೆ ಬೇಸರವನ್ನು ತಂದಿತು. ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕವನ್ನು ಬಳಸಿ ಆತನು ಹೊಸ ಉಪಾಯವನ್ನು ಹೂಡಿ 1807ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಮದ್ದನ್ನು ತಾಮ್ರದ ಪುಟ್ಟ ಟೋಪಿಯೊಳಗೆ ತುಂಬಿದುದೇ ಮುಂದೆ ನಮ್ಮ ಕೇಪು. ಇಂಥ ಕೋವಿಗೆ ಮದ್ದು, ನಾರು, ಚರೆಗಳನ್ನು ನಳಿಗೆಯ ಬಾಯಿಂದ ತುಂಬಿ ಸಲಾಕೆಯಿಂದ ಜಡಿಯಬೇಕು. ತೋಟಾ ಕೋವಿಯ ಸಂಗತಿ ಬೇರೆ. ಅದು ಬೆನ್ನಿನಲ್ಲಿ ಮುರಿಯುತ್ತದೆ, ತೋಟಾ ಹಿಂದಿನಿಂದ ಒಳಸೇರುತ್ತದೆ. ಫ್ರಾನ್ಸಿನ ಲೆಫೋಶೊ ಮಾಡಿದ ಹೀಗೆ ಮುರಿಯುವ ಕೋವಿಯನ್ನು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಗ್ಲೆಂಡಿನ ಕುಶಲಕರ್ಮಿಗಳು ಕಂಡರು. ನಡುವಿನಲ್ಲಿ ಕೇಪನ್ನುಳ್ಳ ತೋಟಾ ಅಲ್ಲಿ 1861ರ ಸುಮಾರಿಗೆ ಬಳಕೆಗೆ ಬಂದಿತು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು, ಹೊರಗೆ ಎದ್ದು ಕಾಣುತ್ತಿದ್ದ ‘ಕುದುರೆ’ಗಳನ್ನು ಒಳಗೇ ಅಡಗಿಸಿದ ಸರಳವಾದ ಯಂತ್ರವನ್ನು ರಚಿಸಿದರು. ಲೋಕದ ಜೋಡು ನಳಿಗೆಯ ಕೋವಿಗಳಲ್ಲಿ ಬಹುಪಾಲು ಇಂದಿಗೂ ಅದೇ ರಚನೆಯನ್ನು ಅನುಸರಿಸುತ್ತವೆ.

ಆದುದರಿಂದ ಪಾಲಿಗೆ ಬಂದ ಕೋವಿಯನ್ನು ಕಂಡೊಡನೆ ಕೇಳಿಕೊಳ್ಳಬೇಕಾದುದು ಎರಡು ಮಾತು: ಬಾಯಿಂದ ತುಂಬುವುದೋ, ಬೆನ್ನು ಮುರಿಯುವುದೋ? ಕುದುರೆಗಳು ಹೊರಗಿವೆಯೋ, ಒಳಗಿವೆಯೋ? ಇಲ್ಲಿಯೂ ಅವಸರದ ತೀರ್ಮಾನ ಸಲ್ಲದು. ಕುದುರೆ ಒಳಗಿದ್ದರೆ ಕೋವಿ 1870ರ ದಶಕಕ್ಕಿಂತ ಹಿಂದಿನದಾಗಿರುವುದು ಅಪರೂಪವೆನ್ನಬಹುದು. ಹೊರಗಿದ್ದ ಮಾತ್ರಕ್ಕೆ ಅದು ಹಳೆಯದೆಂದು ಸಾಧಿಸಲಾಗದು. ಹೊರಗುದುರೆಯ ಕೋವಿ ಅಗ್ಗ, ಹಾಗೂ ಅದು ಎತ್ತಿದೆಯೋ ಇಳಿದಿದೆಯೋ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಕಾರಣದಿಂದ ಹೊಸ ರಚನೆ ಬಂದಮೇಲೆಯೂ ದಶಕಗಳ ಕಾಲ ಅದನ್ನು ಮಾಡುತ್ತಲೇ ಇದ್ದರು.

ಮುಂದೆ ಹೋಗುವ ಮೊದಲು ಕೊಡಗಿನ ಮಾತನ್ನು ಹೇಳಬೇಕು. ಅಲ್ಲಿ ಕೋವಿ ಬರಿಯ ಸೊತ್ತಲ್ಲ, ಮನೆಯ ಒಬ್ಬ ಸದಸ್ಯನಂತೆ. ಗಂಡುಮಗು ಹುಟ್ಟಿದರೆ ಒಂದು ಗುಂಡು; ಸಾವಿನ ಸುದ್ದಿಗೆ ಎರಡು ಗುಂಡು. ಪುತ್ತರಿಯ ರಾತ್ರಿ ಮೊದಲ ಕದಿರನ್ನು ಕೊಯ್ಯುವಾಗಲೂ ಗುಂಡು ಹಾರುತ್ತದೆ. ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನೂ ಕತ್ತಿಗಳನ್ನೂ ಇರಿಸಿ ಪೂಜಿಸುತ್ತಾರೆ. ಕೆಂಪು ಹಳದಿ ಬಣ್ಣದ, ಬೆಂಕಿಯ ನಾಲಿಗೆಯಂತೆ ಎಸಳು ಚಾಚಿದ ಹೂವೊಂದನ್ನು ನಳಿಗೆಗೆ ಮುಡಿಸುತ್ತಾರೆ. ಅಗ್ನಿಶಿಖೆಯೆಂದು ನಾವು ಕರೆಯುವ ಆ ಹೂವಿಗೆ ಅಲ್ಲಿ ‘ತೋಕ್‌ಪೂ’ ಎಂದೇ ಹೆಸರು. 1857ರ ದಂಗೆಯ ತರುವಾಯ ಇಂಗ್ಲಿಷ್ ಸರಕಾರ ದೇಶದ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳತೊಡಗಿದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ಕಾಯಿದೆಯಿಂದ ಹೊರಗಿಟ್ಟನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ದೊರೆತ ಈ ರಿಯಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಪುರಸ್ಕರಿಸಲಿಲ್ಲ. ಗಡಿಯಾಚೆಯ ಹಾಸನ, ಚಿಕ್ಕಮಗಳೂರು, ಶಿವಮೊಗ್ಗದ ಮನೆಗಳಿಗೆ ಈ ರಿಯಾಯಿತಿಯಿಲ್ಲ. ಅಲ್ಲಿ ಎಲ್ಲವೂ ಲೈಸೆನ್ಸಿನ ಮೇಲೆಯೇ ನಿಂತಿದೆ.

ಇನ್ನು ಕೋವಿಯನ್ನು ಓದುವ ಬಗೆ. ‘ಓದುವ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ಹಳ್ಳಿಗಳಲ್ಲಿ ವೀರಗಲ್ಲೊಂದು ನಿಂತಿದ್ದರೆ ಅದನ್ನು ಕುರಿತು ಊರಿನವರು ಹೇಳುವ ಕಥೆಯೊಂದಿರುತ್ತದೆ, ಕಲ್ಲಿನ ಮೇಲಿನ ಅಕ್ಷರ ಹೇಳುವ ಸಂಗತಿ ಇನ್ನೊಂದಿರುತ್ತದೆ. ಕೋವಿಯ ಮೇಲೂ ಶಾಸನವುಂಟು. ಆದರೆ ಅದು ಎರಡು ಕಡೆಗಳಲ್ಲಿ ಇದೆ. ಕಣ್ಣಿಗೆ ಎದ್ದು ಕಾಣುವ ಶಾಸನವೇ ಹೆಚ್ಚು ಮೋಸ ಮಾಡುವಂಥದು.

ಎರಡು ನಳಿಗೆಗಳನ್ನು ಕೂಡಿಸುವ ನಡುಪಟ್ಟಿಯ ಮೇಲೆ ಬಳುಕು ಬಳುಕಾದ ಅಕ್ಷರಗಳಲ್ಲಿ ಒಂದು ಹೆಸರನ್ನು ಕೊರೆದಿರುತ್ತಾರೆ. ಮನೆಯವರು ಅದನ್ನೇ ಕೋವಿ ಮಾಡಿದವನ ಹೆಸರೆಂದು ತಿಳಿಯುತ್ತಾರೆ. ಎಷ್ಟೋ ವೇಳೆ ಅದು ಮಾರಿದ ಅಂಗಡಿಯ ಹೆಸರು. ಕಲ್ಕತ್ತೆಯ ಮ್ಯಾಂಟನ್, ರಾಡ್ಡಾ, ಲಯನ್ ಅಂಡ್ ಲಯನ್, ಮದರಾಸಿನ ಪಿ. ಆರ್ ಅಂಡ್ ಸನ್ಸ್—ಇಂಥ ವ್ಯಾಪಾರಗಾರರ ಹೆಸರುಳ್ಳ ಕೋವಿಗಳು ನಮ್ಮ ದೇಶದಲ್ಲಿ ಬಹಳವಾಗಿವೆ. ಮದರಾಸಿನ ಆ ಅಂಗಡಿ ಕೈಗಡಿಯಾರಕ್ಕೂ ಒಡವೆಗೂ ಹೆಸರಾದುದು! ಇವರಿಗೆ ಸರಕು ಒದಗುತ್ತಿದ್ದುದು ಬಹುಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳಿಂದ. ಅಲ್ಲಿ ನಳಿಗೆ ಮಾಡುವವನೊಬ್ಬ, ಯಂತ್ರ ಮಾಡುವವನೊಬ್ಬ, ಮರ ಕೂಡಿಸುವವನೊಬ್ಬ, ಕೆತ್ತುವವನೊಬ್ಬ. ಹೀಗೆ ಹತ್ತು ಕೈ ಬದಲಾಗಿ ಸಿದ್ಧವಾದ ಕೋವಿಯ ಮೇಲೆ ಅಂಗಡಿಯವನು ತನ್ನ ಹೆಸರನ್ನು ಕೊರೆಯಿಸಿಕೊಳ್ಳುತ್ತಿದ್ದನು. ರಾಡ್ಡಾ ಎಂಬ ಹೆಸರನ್ನು ಕಂಡಾಗ ಚರಿತ್ರೆ ಓದಿದವರಿಗೆ ಬೇರೊಂದು ನೆನಪಾಗಬಹುದು: 1914ರ ಆಗಸ್ಟ್ 26ರಂದು ಬಂಗಾಳದ ಕ್ರಾಂತಿಕಾರಿಗಳು ಇದೇ ಕಂಪೆನಿಗೆ ಬಂದ 50 ಮೌಸರ್ ಪಿಸ್ತೂಲುಗಳನ್ನೂ 46,000 ತೋಟಾಗಳನ್ನೂ ಹಾಡಹಗಲಲ್ಲಿ ಅಪಹರಿಸಿದರು.

ಇನ್ನೊಂದು ಬಗೆಯ ಮೋಸವೂ ಇದೆ. ಹೆಸರಾಂತ ತಯಾರಕರ ಹೆಸರನ್ನು ಹೋಲುವ ಹೆಸರುಗಳನ್ನು ಅಗ್ಗದ ಕೋವಿಗಳ ಮೇಲೆ ಕೊರೆದು ಮಾರುವ ಪದ್ಧತಿ ಆ ಕಾಲದಲ್ಲಿಯೇ ಇದ್ದಿತು. ‘ವೆಸ್ಟ್ಲಿ ರಿಚರ್ಡ್ಸ್’ ಎಂಬುದಕ್ಕೆ ಬದಲು ಬರಿಯ ‘ಡಬ್ಲ್ಯು. ರಿಚರ್ಡ್ಸ್’ ಎಂದಿದ್ದರೆ ಕೊಳ್ಳುವವನು ಎಚ್ಚರಗೊಳ್ಳಬೇಕು. ಬೆಲ್ಜಿಯಮಿನಲ್ಲಿ ಮಾಡಿದ ಅಂಥವು ಸಾವಿರಗಟ್ಟಲೆ ಸಾಗಿಹೋಗಿವೆ. ಕವಿಚಕ್ರವರ್ತಿಗಳ ಅಂಕಿತವನ್ನು ತಮ್ಮ ಪದ್ಯಕ್ಕೆ ಅಂಟಿಸಿದವರು ನಮ್ಮಲ್ಲಿಯೂ ಇದ್ದಾರಷ್ಟೆ.

ನಿಜವಾದ ಶಾಸನವಿರುವುದು ಕೆಳಗಡೆ. ಮುಂಗೈ ಹಿಡಿಯುವ ಮರವನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿ, ಮಗುಚಿ ಹಿಡಿದರೆ, ಅಡಿಯ ಚಪ್ಪಟೆ ಭಾಗದಲ್ಲಿ ಸಾಸುವೆ ಗಾತ್ರದ ಕೆಲವು ಮುದ್ರೆಗಳು ಕಾಣುತ್ತವೆ. ಇದನ್ನು ಮಾಡುವ ಮುನ್ನ ಕೋವಿಯಲ್ಲಿ ಈಡು ಇಲ್ಲವೆಂಬುದನ್ನು ಬಲ್ಲವರಿಂದ ಖಚಿತಪಡಿಸಿಕೊಂಡಿರಬೇಕು; ಬಾಯಿಂದ ತುಂಬುವ ಕೋವಿಗಳಲ್ಲಿ ಅಜ್ಜ ತುಂಬಿಟ್ಟ ಮದ್ದು ಮೊಮ್ಮಗನ ಕಾಲದವರೆಗೂ ಉಳಿದಿರುವ ಸಂಭವವುಂಟು. ಆ ಮುದ್ರೆಗಳು ಪರೀಕ್ಷೆಯ ಮುದ್ರೆಗಳು. ಮಾರಾಟಕ್ಕೆ ಮೊದಲು ನಳಿಗೆಯಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದನ್ನು ತುಂಬಿ ಸಿಡಿಸಿ, ಒಡೆಯದೆ ಉಳಿದವಕ್ಕೆ ಮಾತ್ರ ಮುದ್ರೆಯನ್ನು ಒತ್ತುತ್ತಿದ್ದರು. ಲಂಡನ್ನಿನಲ್ಲಿ 1637ರಲ್ಲಿ ರಾಜಶಾಸನ ಪಡೆದ ಕೋವಿಗಾರರ ಸಂಘ ಈ ಕೆಲಸವನ್ನು ನಡೆಸಿತು. ಕಿರೀಟದ ಕೆಳಗೆ ಹೆಣೆದುಕೊಂಡ ಜಿ, ಪಿ ಅಕ್ಷರಗಳು ಅದರ ಗುರುತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಹುಟ್ಟಿತು. ಕಿರೀಟದಡಿಯಲ್ಲಿ ಕತ್ತರಿಯಂತೆ ಇಟ್ಟ ಎರಡು ರಾಜದಂಡಗಳು ಅದರ ಲಾಂಛನ. 1904ರ ನಂತರ ಅಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಜೋಡಿಗಳು ಬಂದುವು. ಹೊಗೆಯಿಲ್ಲದ ಹೊಸ ಮದ್ದಿಗೂ ಪರೀಕ್ಷೆಯಾಗಿದ್ದರೆ ಎನ್.ಪಿ. ಎಂಬುದೂ ಜೊತೆಗೂಡುತ್ತದೆ. ಬೆಲ್ಜಿಯಮಿನ ಲಿಯೇಜ್ ಪಟ್ಟಣದ್ದಾದರೆ ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಅಕ್ಷರಗಳು, ಅದರ ಮೇಲೊಂದು ಕಿರೀಟವಿದ್ದರೆ 1893ರ ಈಚಿನದು. ಲಂಡನ್ನಿನ ಹೆಸರನ್ನು ಹೊತ್ತ ಕೋವಿಯ ಹೊಟ್ಟೆಯಲ್ಲಿ ಲಿಯೇಜಿನ ಮುದ್ರೆ ಕಂಡುಬಂದರೆ ಅದರ ಕುಲವೃತ್ತಾಂತ ತಾನಾಗಿಯೇ ಬಯಲಾದಂತೆ.

ಮುದ್ರೆಗಳ ನಡುವೆ 12 ಎಂಬ ಅಂಕೆಯೂ ಇರಬಹುದು. ಹನ್ನೆರಡು ಬೋರಿನ ಕೋವಿಯೆಂದು ಎಲ್ಲರೂ ಹೇಳುತ್ತಾರೆ. ಹನ್ನೆರಡು ಏನು ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ನಳಿಗೆಯ ಒಳ ಅಗಲಕ್ಕೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಕೂಡಿದರೆ ಒಂದು ಪೌಂಡು ತೂಗುತ್ತವೆ. ಹದಿನಾರು ಕೂಡಬೇಕಾದರೆ ಅದು ಹದಿನಾರು ಬೋರು. ಆದುದರಿಂದ ಅಂಕೆ ದೊಡ್ಡದಾದಷ್ಟೂ ನಳಿಗೆ ಕಿರಿದು. ವಜ್ರಾಕೃತಿಯ ಗೆರೆಯೊಳಗೆ 12 ಮತ್ತು ಸಿ ಅಕ್ಷರವಿದ್ದರೆ ಕೋವಿ 1887ರ ನಿಯಮಗಳಿಗಿಂತ ಈಚಿನದೆಂದು ತಿಳಿಯಬೇಕು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ತನ್ನ ಅಜ್ಜನ ಕೋವಿಯ ವಿವರಗಳನ್ನು ಬರೆದುಕೊಂಡು ಬಂದಿದ್ದನು. ಕೊಪ್ಪದ ಕಡೆಯ ಅಡಕೆ ತೋಟದ ಮನೆ. ಅಜ್ಜನಿಗೆ ಹಿಂದಿನ ತಲೆಮಾರಿನವರಿಗೆ, ಹುಲಿಯ ಬಾಯಿಂದ ಪಾರುಮಾಡಿದುದಕ್ಕಾಗಿ ಯಾರೋ ದೊರೆ ದಂಗೆಯ ವರ್ಷದಲ್ಲಿ ಅದನ್ನು ಉಡುಗೊರೆಯಾಗಿ ಕೊಟ್ಟನೆಂಬುದು ಮನೆಯ ಕಥೆ. ಹುಡುಗನು ಶ್ರದ್ಧಾವಂತ, ಕನ್ನಡ ಎಂ.ಎ. ತರಗತಿಯಲ್ಲಿ ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತುಹಾಕಿಕೊಳ್ಳುತ್ತಿದ್ದಷ್ಟೇ ಎಚ್ಚರಿಕೆಯಿಂದ ಮುದ್ರೆಗಳನ್ನು ಕಾಗದದ ಮೇಲೆ ಬಿಡಿಸಿಕೊಂಡಿದ್ದನು. ಕುದುರೆಗಳು ಹೊರಗೆ. ತೋಟಾ ನಡುಗೇಪಿನದು. ಪಟ್ಟಿಯ ಮೇಲೆ ಕಲ್ಕತ್ತೆಯ ಅಂಗಡಿಯ ಹೆಸರು. ಅಡಿಯಲ್ಲಿ ಕಿರೀಟ, ರಾಜದಂಡಗಳು. ಅವುಗಳ ಪಕ್ಕದಲ್ಲಿ ‘ನಾಟ್ ಫಾರ್ ಬಾಲ್’ ಎಂಬ ಮೂರು ಮಾತುಗಳು. “ಸಾರ್, ಚೆಂಡಾಟಕ್ಕಲ್ಲ ಎಂದು ಕೋವಿಯ ಮೇಲೆ ಬರೆಯುವುದೇಕೆ?” ಎಂದು ಆತ ನಗುತ್ತ ಕೇಳಿದನು.

ಆ ಮೂರು ಮಾತುಗಳಲ್ಲಿಯೇ ಕಾಲನಿರ್ಣಯವಿದ್ದಿತು. ಚರೆಗಳು ಹೊರಬಂದೊಡನೆ ಚೆಲ್ಲಾಪಿಲ್ಲಿಯಾಗದೆ ದೂರದವರೆಗೆ ಗುಂಪಾಗಿ ಸಾಗಲೆಂದು ನಳಿಗೆಯ ಬಾಯನ್ನು ಕೊಂಚ ಬಿಗಿಗೊಳಿಸುವ ಉಪಾಯ 1860ರ ಮತ್ತು 70ರ ದಶಕಗಳಲ್ಲಿ ಬಳಕೆಗೆ ಬಂದಿತು. ಅಂಥ ನಳಿಗೆಯಲ್ಲಿ ಒಳ ಅಗಲಕ್ಕೆ ಸರಿಯಾದ ಒಂಟಿಗುಂಡನ್ನು ಹಾಕಿ ಹಾರಿಸಿದರೆ ಬಾಯಿಯ ಬಳಿ ಅದು ಸಿಕ್ಕಿ ನಳಿಗೆಯೇ ಸಿಡಿಯಬಹುದು. ಆ ಅಪಾಯವನ್ನು ಎಚ್ಚರಿಸಲು 1875ರಿಂದ 1887ರವರೆಗೆ, ಆ ಹನ್ನೆರಡು ವರ್ಷಗಳಲ್ಲಿ ಮಾತ್ರ, ಇಂಗ್ಲೆಂಡಿನ ಪರೀಕ್ಷಾಗೃಹಗಳು ಈ ಮಾತನ್ನು ಒತ್ತುತ್ತಿದ್ದುವು. ಬಳಿಕ ಅದರ ಸ್ಥಾನದಲ್ಲಿ ‘ಚೋಕ್’ ಎಂಬ ಒಂದೇ ಪದ ನಿಂತಿತು. ಆದುದರಿಂದ 1857ರಲ್ಲಿ ಯಾವ ದೊರೆಯೂ ಆ ಕೋವಿಯನ್ನು ಯಾರಿಗೂ ಕೊಟ್ಟಿರಲಾರನು. ಹುಲಿಯ ಕಥೆಯೂ ಅದರೊಡನೆಯೆ ಕುಸಿಯಿತೆನ್ನಬೇಕಾಗಿಲ್ಲ. ವರ್ಷ ತಪ್ಪಿರಬಹುದು, ಸಂಗತಿ ನಡೆದಿರಬಹುದು. ಮೌಖಿಕ ಪರಂಪರೆ ಘಟನೆಯನ್ನು ಉಳಿಸಿಕೊಂಡು ತೇದಿಯನ್ನು ದೊಡ್ಡ ವರ್ಷವೊಂದಕ್ಕೆ ಕಟ್ಟಿಹಾಕುವುದು ಎಲ್ಲೆಲ್ಲಿಯೂ ಕಾಣುವ ಸಂಗತಿ. ಹುಡುಗನ ಮುಖ ಮಾತ್ರ ಸಪ್ಪಗಾಯಿತು. ದಂಗೆಯ ಕೋವಿಯೆಂದು ಆತನ ಅಣ್ಣ ಅದಕ್ಕೆ ಮನಸ್ಸಿನಲ್ಲಿಯೇ ಒಂದು ದೊಡ್ಡ ಮೊತ್ತವನ್ನು ಕಟ್ಟಿದ್ದನಂತೆ. ಆ ಹಣದಲ್ಲಿ ತಂಗಿಯ ಮದುವೆಯ ಸಾಲ ತೀರುವುದಿತ್ತು.

ಹಾಗಾದರೆ ಬೆಲೆ ಯಾವುದರಿಂದ ಹುಟ್ಟುತ್ತದೆ? ವಯಸ್ಸಿನಿಂದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಬರ್ಮಿಂಗ್‌ಹ್ಯಾಮಿನಲ್ಲಿಯೂ ಲಿಯೇಜಿನಲ್ಲಿಯೂ ಸಾಮಾನ್ಯ ದರ್ಜೆಯ ಕೋವಿಗಳು ಲಕ್ಷೋಪಲಕ್ಷವಾಗಿ ಸಿದ್ಧವಾದುವು. ನೂರು ವರ್ಷ ಕಳೆದ ಮಾತ್ರಕ್ಕೆ ಅವು ರತ್ನಗಳಾಗಲಿಲ್ಲ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಮೊದಲಾದ ಲಂಡನ್ನಿನ ಮೇಲ್ದರ್ಜೆಯ ತಯಾರಕರ ಕೈಗೆಲಸ ಬೇರೆಯದೇ ಲೋಕ. ಅಂಥ ಮನೆಗಳು ತಮ್ಮ ಹಳೆಯ ದಫ್ತರುಗಳನ್ನು ಕಾಪಾಡಿಕೊಂಡಿವೆ. ಕೋವಿಯ ಕ್ರಮಾಂಕವನ್ನು ಬರೆದು ಕಳಿಸಿದರೆ ಅದು ಯಾವ ವರ್ಷ ಯಾರಿಗಾಗಿ ಸಿದ್ಧವಾಯಿತೆಂಬುದು ತಿಳಿಯುವ ಸಂಭವವಿದೆ. ಕ್ರಮಾಂಕ ಸಾಮಾನ್ಯವಾಗಿ ಟ್ರಿಗರಿನ ಕಾವಲುಪಟ್ಟಿಯ ಬಾಲದಲ್ಲಿರುತ್ತದೆ. ಅದೇ ಅಂಕೆ ನಳಿಗೆಯ ಅಡಿಯಲ್ಲಿಯೂ ಮುಂಗೈಮರದ ಕಬ್ಬಿಣದಲ್ಲಿಯೂ ಇರಬೇಕು. ಬೇರೆ ಬೇರೆ ಅಂಕೆಗಳಿದ್ದರೆ ಎರಡು ಕೋವಿಗಳನ್ನು ಕೂಡಿಸಿ ಒಂದು ಮಾಡಿದ್ದಾರೆಂದು ಅರ್ಥ. ಬೆಲೆ ಅಲ್ಲಿಗೆ ಅರ್ಧವೂ ಉಳಿಯದು.

ಆಮೇಲೆ ನಳಿಗೆಯ ಆರೋಗ್ಯ. ಹಳೆಯ ಕೋವಿಗಳಲ್ಲಿ ಕೆಲವಕ್ಕೆ ನಳಿಗೆಯ ಮೇಲೆಲ್ಲ ಹಾವಿನ ಪೊರೆಯಂತೆ, ನೀರಿನ ಸುಳಿಯಂತೆ, ಕಂದುಬಣ್ಣದ ಚಿತ್ತಾರವಿರುತ್ತದೆ. ಅದು ಮೇಲೆ ಬರೆದ ಬಣ್ಣವಲ್ಲ. ಕಬ್ಬಿಣದ ಮತ್ತು ಉಕ್ಕಿನ ಸಲಾಕೆಗಳನ್ನು ಪದರಪದರವಾಗಿ ಜೋಡಿಸಿ, ಕಾಸಿ, ಹಗ್ಗದಂತೆ ಹುರಿಮಾಡಿ, ಆ ಹುರಿಯನ್ನು ಒಂದು ಸಲಾಕೆಯ ಸುತ್ತ ಸುತ್ತಿ ಬಡಿದು ಬೆಸೆದರೆ ನಳಿಗೆ ಸಿದ್ಧವಾಗುತ್ತಿದ್ದಿತು. ಆಮ್ಲದಿಂದ ತೊಳೆದಾಗ ಆ ಪದರಗಳೇ ಚಿತ್ರವಾಗಿ ಮೂಡುತ್ತಿದ್ದುವು. ಇದನ್ನು ಡಮಾಸ್ಕಸ್ ನಳಿಗೆಯೆನ್ನುತ್ತಾರೆ. ನೋಡಲು ಇದಕ್ಕಿಂತ ಚೆಲುವಾದ ಲೋಹದ ಕೆಲಸ ಅಪರೂಪ. ಅಪಾಯವೂ ಇಲ್ಲಿಯೇ ಇದೆ. ಬೆಸುಗೆಯ ಸಂದುಗಳಲ್ಲಿ ಕಣ್ಣಿಗೆ ಕಾಣದಂತೆ ತುಕ್ಕು ಮೇಯುತ್ತದೆ. ಈ ನಳಿಗೆಗಳಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಅವುಗಳಿಗಾಗಿ ಹುಟ್ಟಿದುದಲ್ಲ. ಅದರ ಮೇಲೆ ಅಳತೆಯ ತೊಡಕು ಬೇರೆ: ಹಳೆಯ ಇಂಗ್ಲಿಷ್ ಕೋವಿಗಳ ತೋಟಾಗೂಡು ಬಹುಮಟ್ಟಿಗೆ ಎರಡೂವರೆ ಅಂಗುಲದ್ದು, ಈಗಿನ ತೋಟಾ ಎರಡೂಮುಕ್ಕಾಲು ಅಂಗುಲದ್ದು. ಉದ್ದದ ತೋಟಾ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಏಕೆಂದರೆ ಅದರ ಮಡಿಚಿದ ಬಾಯಿ ತೆರೆದುಕೊಳ್ಳುವುದು ಸಿಡಿದಮೇಲೆಯೇ. ಆಗ ಅದು ನಳಿಗೆಯ ಕಿರಿದಾದ ಭಾಗಕ್ಕೆ ಚಾಚಿ ಒತ್ತಡವನ್ನು ಏರಿಸುತ್ತದೆ. ಕೂತಿತು, ಆದುದರಿಂದ ಸರಿಯಾಯಿತು ಎಂಬ ತರ್ಕದಿಂದ ಬೆರಳು ಕಳೆದುಕೊಳ್ಳಬಾರದು. ಪಾಲಿಗೆ ಬಂದ ಹಳೆಯ ಕೋವಿಯನ್ನು, ಅರಿತ ಕೋವಿಗಾರನು ಅಳೆದು ನೋಡಿ ಹೇಳುವವರೆಗೆ, ‘ಒಂದು ಸಲ ಪರೀಕ್ಷೆಗೆ’ ಎಂದೂ ಹಾರಿಸಕೂಡದು.

ಕೋವಿಗಾರನು ಮಾಡುವ ಒಂದು ಪರೀಕ್ಷೆ ನನಗೆ ಬಹಳ ಹಿಡಿಸಿತು. ನಳಿಗೆಗಳನ್ನು ಬೇರ್ಪಡಿಸಿ, ಕೊಂಡಿಯ ಭಾಗಕ್ಕೆ ಬೆರಳು ಕೊಟ್ಟು ತೂಗಹಾಕಿ, ಮರದ ತುಂಡಿನಿಂದ ಮೆಲ್ಲನೆ ತಟ್ಟುತ್ತಾನೆ. ದೇವಸ್ಥಾನದ ಗಂಟೆಯಂತೆ ನಾದ ನಿಂತು ಮೊಳಗಿದರೆ ನಡುಪಟ್ಟಿಯ ಬೆಸುಗೆ ಗಟ್ಟಿಯಾಗಿದೆ. ಒಡೆದ ಮಡಕೆಯಂತೆ ದಡ್ಡೆಂದರೆ ಎಲ್ಲಿಯೋ ಬಿಟ್ಟಿದೆ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಬಾರಿಸಿ ಕೊಳ್ಳುವ ನಮ್ಮ ತಾಯಂದಿರಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಳಿಗೆಯೊಳಗಿನ ತುಕ್ಕಿನ ಕುಳಿ, ಹೊರಗಿನ ತಗ್ಗು, ಮುಚ್ಚಿದಾಗ ನಳಿಗೆಗೂ ಮೈಗೂ ನಡುವೆ ಬಿಡುವ ಸಂದು, ಅಕ್ರೋಟು ಮರದ ಕತ್ತಿನಲ್ಲಿ ಬಿಟ್ಟ ಸೀಳು, ಇವೆಲ್ಲ ಬೆಲೆಯನ್ನು ತಗ್ಗಿಸುತ್ತವೆ. ಇವುಗಳಿಗಿಂತಲೂ ಹೆಚ್ಚಾಗಿ ತಗ್ಗಿಸುವುದು ಮನೆಯವರ ಉತ್ಸಾಹ. ಮಾರುವ ಮೊದಲು ಥಳಥಳಿಸಲೆಂದು ಮರಳುಕಾಗದದಿಂದ ಉಜ್ಜಿ, ಮರಕ್ಕೆ ವಾರ್ನಿಷು ಬಳಿದು, ಕೆತ್ತನೆಯ ಗೆರೆಗಳನ್ನೂ ಪರೀಕ್ಷೆಯ ಮುದ್ರೆಗಳನ್ನೂ ಸವೆಸಿಬಿಡುತ್ತಾರೆ. ಓಲೆಗರಿಯ ಪ್ರತಿಯನ್ನು ಸಾಬೂನಿನಿಂದ ತೊಳೆದಂತೆ.

ಇನ್ನೊಂದು ಬೆಲೆಯುಂಟು, ಅದು ಕಬ್ಬಿಣದಲ್ಲಿಲ್ಲ, ಕಾಗದದಲ್ಲಿದೆ. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಕುಟುಂಬವೊಂದರ ಅಟ್ಟದಲ್ಲಿ ದೊರೆತ ಚಕಮಕಿ ಕೋವಿಯೊಂದೂ ಕೆಲವು ಖಡ್ಗಗಳೂ ಹರಾಜಿಗೆ ಬಂದುವು. ಅವು ಟಿಪ್ಪು ಸುಲ್ತಾನನ ಆಯುಧಾಗಾರದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪೆನಿಯ ಮೇಜರ್ ಥಾಮಸ್ ಹಾರ್ಟ್ ಎಂಬವನ ಕೈಸೇರಿ, ಅವನ ವಂಶದಲ್ಲಿ ಇಳಿದುಬಂದುವು. ಎಲ್ಲವೂ ಸೇರಿ ಒಂದು ಲಕ್ಷ ಪೌಂಡನ್ನು ಮೀರಿ ಮಾರಾಟವಾದುವು. ನಮ್ಮ ನೆಲದ ಕಮ್ಮಾರರು ಮಾಡಿದ ವಸ್ತು, ಕೊಳ್ಳೆಯ ಮೂಲಕ ಹೋದ ವಸ್ತು, ಪರದೇಶದ ಹರಾಜಿನಲ್ಲಿ ಕೂಗಿಸಿಕೊಂಡುದನ್ನು ಓದಿದಾಗ ಕನ್ನಡಿಗನ ಮನಸ್ಸು ಕಲಕದಿರದು. ಅದಿರಲಿ, ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಬೆಲೆ ಬಂದುದು ಯಾರಿಂದ ಯಾರಿಗೆ ಹೇಗೆ ಬಂದಿತೆಂಬ ಸರಪಳಿ ತುಂಡಾಗದೆ ಉಳಿದುದರಿಂದಲೂ ಹೌದು. ನನ್ನ ವಿದ್ಯಾರ್ಥಿಯ ಮನೆಯಲ್ಲಿ ಅಂಥ ಸರಪಳಿಯ ಒಂದು ಕೊಂಡಿ ಸಿಕ್ಕಿತು. ಅಜ್ಜನ ಪೆಟ್ಟಿಗೆಯಲ್ಲಿ ಲೈಸೆನ್ಸಿನ ಹಳೆಯ ಪುಸ್ತಕಗಳಿದ್ದುವು. ವರ್ಷವರ್ಷದ ನವೀಕರಣದ ಮೊಹರು, ಕೊಂಡ ತೋಟಾಗಳ ಲೆಕ್ಕ, ಕೋವಿಯ ಕ್ರಮಾಂಕ, ಎಲ್ಲವೂ ಅಲ್ಲಿದ್ದಿತು. ಮನೆ ಸಾರಿಸುವಾಗ ಅವನ್ನು ಒಲೆಗೆ ಹಾಕಲು ಹೊರಟಿದ್ದರಂತೆ!

ಇಂಗ್ಲೆಂಡಿನ ಹರಾಜಿನ ಪಟ್ಟಿಯನ್ನು ನೋಡಿ ಇಲ್ಲಿ ಬೆಲೆ ಕಟ್ಟುವವರೂ ಇದ್ದಾರೆ. ಅದು ವ್ಯರ್ಥ. 1980ರ ದಶಕದಲ್ಲಿ ಕೋವಿಗಳ ಆಮದು ಬಹುಮಟ್ಟಿಗೆ ನಿಂತಮೇಲೆ ನಮ್ಮಲ್ಲಿ ವಿಲಾಯಿತಿ ಕೋವಿಗಳಿಗೆ ಬೇರೆಯದೇ ಪೇಟೆಯ ಧಾರಣೆ ಬಂದಿತು. ಅಲ್ಲಿ ಅಗ್ಗವಾದುದು ಇಲ್ಲಿ ದುಬಾರಿಯಾಗಿದ್ದುದುಂಟು. ಇಲ್ಲಿಂದ ಅಲ್ಲಿಗೆ ಒಯ್ದು ಮಾರುವಂತೆಯೂ ಇಲ್ಲ. ನೂರು ವರ್ಷ ದಾಟಿದ, ಕಲೆ ಚರಿತ್ರೆಗಳ ದೃಷ್ಟಿಯಿಂದ ಬೆಲೆಯುಳ್ಳ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದನ್ನು 1972ರ ಪುರಾತನ ವಸ್ತುಗಳ ಕಾಯಿದೆ ತಡೆಯುತ್ತದೆ. ಕೊಳ್ಳುವವನಿಗೂ ಲೈಸೆನ್ಸು ಇರಬೇಕು. ಅಷ್ಟೇ ಅಲ್ಲ, 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕಾಡಿನ ಬೇಟೆಗೆ 1972ರ ವನ್ಯಜೀವಿ ಸಂ‌ರಕ್ಷಣೆಯ ಕಾಯಿದೆ ಕೊನೆ ಹಾಡಿ ಅರ್ಧ ಶತಮಾನ ಕಳೆದಿದೆ. ಕೊಳ್ಳುವವರೇ ಕಡಿಮೆಯಾದ ಪೇಟೆಯಲ್ಲಿ ಬೆಲೆ ಎಂಬುದು ಕೊನೆಗೆ ಇಬ್ಬರ ನಡುವಿನ ಮಾತುಕತೆಯಷ್ಟೆ.

ಎಲ್ಲಕ್ಕಿಂತ ಮುಖ್ಯವಾಗಿ, ಬೆಲೆಯ ಪ್ರಶ್ನೆಗೂ ಮುನ್ನ ಹಕ್ಕಿನ ಪ್ರಶ್ನೆ ನಿಂತಿದೆ. ಲೈಸೆನ್ಸು ವ್ಯಕ್ತಿಗೆ ಸೇರಿದುದು; ಅಜ್ಜ ತೀರಿಕೊಂಡ ದಿನ ಅದೂ ತೀರಿತು. ಗದ್ದೆಯಂತೆ ಕೋವಿ ತಾನಾಗಿ ಮೊಮ್ಮಗನಿಗೆ ಇಳಿಯುವುದಿಲ್ಲ. ವಾರಸುದಾರನು ಸುದ್ದಿಯನ್ನು ಮುಟ್ಟಿಸಿ, ಕೋವಿಯನ್ನು ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟು, ತನ್ನ ಹೆಸರಿಗೆ ಅರ್ಜಿ ಹಾಕಬೇಕು. 2016ರ ಆಯುಧ ನಿಯಮಗಳು ಇನ್ನೊಂದು ಒಳ್ಳೆಯ ದಾರಿಯನ್ನೂ ತೋರಿಸಿವೆ: ಲೈಸೆನ್ಸುದಾರನಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಅಥವಾ ಆತನು ಇಪ್ಪತ್ತೈದು ವರ್ಷ ಕೋವಿಯನ್ನು ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಅದನ್ನು ವರ್ಗಾಯಿಸಲು ಕೇಳಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ಹಿರಿಯರ ಎದುರು ಇಂಥ ಮಾತನ್ನು ಎತ್ತುವುದೇ ಅಪಶಕುನವೆಂದು ಎಲ್ಲರೂ ಸುಮ್ಮನಿರುತ್ತಾರೆ. ಪುರಾತನವಾದುದಕ್ಕೆ ಲೈಸೆನ್ಸೇ ಬೇಡ ಎಂಬ ನಂಬಿಕೆಯೂ ಹರಡಿದೆ. 1959ರ ಆಯುಧ ಕಾಯಿದೆ ಬಿಟ್ಟಿರುವುದು, ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲಾಗದಂಥ ಹಳೆಯ ಆಯುಧಗಳನ್ನು. ಅಜ್ಜನ ತೋಟಾ ಕೋವಿ ಎಷ್ಟೇ ಹಳೆಯದಿರಲಿ, ಅದು ಸಿಡಿಯುವಂತಿದ್ದರೆ ಕಾಯಿದೆಯ ಕಣ್ಣಿಗೆ ಅದು ಕೋವಿಯೇ. ಕಾಗದವಿಲ್ಲದೆ ಅಟ್ಟದ ಮೇಲಿಟ್ಟರೆ ಅಪರಾಧವೇ. ಠಾಣೆಯ ಕೋಣೆಗಳಲ್ಲಿ, ಮಳೆಗಾಲದ ತೇವದಲ್ಲಿ, ಚೀಟಿ ಕಟ್ಟಿಸಿಕೊಂಡು ಸಾಲಾಗಿ ನಿಂತು ತುಕ್ಕು ಹಿಡಿಯುತ್ತಿರುವ ಕೋವಿಗಳನ್ನು ಕಂಡವರಿಗೆ, ಅರ್ಜಿ ಹಾಕಲು ತಡಮಾಡಿದ ವಾರಸುದಾರರ ಸಂಖ್ಯೆ ಸಣ್ಣದಲ್ಲವೆಂಬುದು ಗೊತ್ತು.

ಕೊಪ್ಪದ ಕಡೆಯ ಆ ಕೋವಿಯನ್ನು ಕೊನೆಗೆ ಬಲ್ಲ ವ್ಯಾಪಾರಿಯೊಬ್ಬರು ನೋಡಿದರು. ನಳಿಗೆ ಡಮಾಸ್ಕಸ್, ಬಲಗಡೆಯದರಲ್ಲಿ ಕುಳಿಗಳು, ನಾದ ಮಾತ್ರ ಗಟ್ಟಿ. ಹಾರಿಸಲು ಯೋಗ್ಯವಲ್ಲ, ಇಡಲು ಯೋಗ್ಯವೆಂದರು. ಅವರು ಹೇಳಿದ ಮೊತ್ತ ಅಣ್ಣನು ಎಣಿಸಿದುದರ ಹತ್ತಿರಕ್ಕೂ ಬರಲಿಲ್ಲ. ತಂಗಿಯ ಮದುವೆಯ ಸಾಲಕ್ಕೆ ಅಡಕೆಯ ಕೊಯ್ಲನ್ನೇ ಕಾಯಬೇಕಾಯಿತು. ಹಿಡಿಯ ಮರದ ಮೇಲೆ ಕೈಯಗಲದ ಕೆಂಪು ಕಲೆಯೊಂದಿದ್ದಿತು. ಅದನ್ನು ತೆಗೆಸಿದರೆ ಇನ್ನು ಸ್ವಲ್ಪ ಹೆಚ್ಚು ಕೊಡಬಹುದೆಂದು ವ್ಯಾಪಾರಿ ಹೇಳಿದಾಗ ಅಣ್ಣತಮ್ಮಂದಿರಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರಂತೆ. ಪ್ರತಿವರ್ಷ ಆಯುಧಪೂಜೆಯ ದಿನ ಅಜ್ಜಿ ಹಚ್ಚುತ್ತಿದ್ದ ಕುಂಕುಮ ಎಣ್ಣೆಯೊಡನೆ ಮರದೊಳಕ್ಕೆ ಇಳಿದುಹೋಗಿದ್ದಿತು. ತಮ್ಮನ ಹೆಸರಿನಲ್ಲಿ ಅರ್ಜಿ ಹೋಗಿದೆ. ಕೋವಿ ಸದ್ಯಕ್ಕೆ ವ್ಯಾಪಾರಿಯ ಬಳಿ ಠೇವಣಿಯಲ್ಲಿದೆ, ಕಲೆಯ ಸಮೇತ.